ಮುಳ್ಳು ಕೀಳುವವಳ ದಿನಚರಿ

ಮಂಗಳವಾರ ರಾತ್ರಿ ಎಂಟಕ್ಕೆ ನನ್ನ ತರಗತಿ.
ಪರದೆಯ ಮೇಲೆ ಹನ್ನೊಂದು ಚೌಕ, ನಾಲ್ಕರಲ್ಲಿ ಮಾತ್ರ ಮುಖ;
ಉಳಿದವು ಹೆಸರು ಬರೆದು ಮುಚ್ಚಿದ ಕಿಟಕಿ.
ಯಾರದೋ ಒಲೆಯ ಮೇಲೆ ಕೆಟಲ್ ಕೂಗುತ್ತದೆ,
ಯಾರದೋ ಮಗು ಅಳುತ್ತದೆ,
ತನ್ನದೆಂದು ಯಾರೂ ಒಪ್ಪುವುದಿಲ್ಲ.

ನಾನು ಎಲಿಯಾನಾ ಒಯಾರ್ಸುನ್. ವಾಲ್ದಿವಿಯಾದಲ್ಲಿ ಕೂತು
ದ್ವೀಪಗಳಿಗೆ ಪ್ರಬಂಧ ಕಲಿಸುತ್ತೇನೆ:
ಪೀಠಿಕೆ, ವಾದ, ಸಮಾರೋಪ.
ಮೂರು ಕಾಲಿನ ಸ್ಟೂಲು. ಕೂತವರು ಬೀಳುವುದಿಲ್ಲ,
ಅದನ್ನು ಹತ್ತಿ ಅಟ್ಟದ ಡಬ್ಬಿಯನ್ನೂ ಇಳಿಸಲಾಗದು.

ಜೊತೆಗೆ ವಾರಕ್ಕೊಂದು ದಿನಚರಿ ಕೇಳಿದ್ದೆ.
ಏನು ಬರೆದಿರಿ ಎಂದಲ್ಲ, ಹೇಗೆ ಬರೆದಿರಿ;
ಎಲ್ಲಿ ತಡವರಿಸಿದಿರಿ, ಏನನ್ನು ಅಳಿಸಿದಿರಿ,
ಅಳಿಸಿದ್ದು ಹಿತ್ತಿಲ ಬಾಗಿಲಿಂದ ಮರಳಿ ಬಂತೇ.
ಅಂಕವಿಲ್ಲ, ಕಾಗುಣಿತ ನೋಡುವುದಿಲ್ಲ ಎಂದಿದ್ದೆ.
(ಸುಳ್ಳು. ನೋಡುತ್ತೇನೆ. ಕಣ್ಣಿನ ಚಾಳಿ.)

ಮೊದಲ ವಾರ ಎಲ್ಲರೂ ಉಪಚಾರವನ್ನೇ ಬಡಿಸಿದರು:
"ಬಹಳ ಕಲಿತೆ", "ಪರಿಚ್ಛೇದದ ಮಹತ್ವ ಮನದಟ್ಟಾಯಿತು",
ನೆಂಟರ ಮುಂದೆ ನಿಲ್ಲಿಸಿದ ಮಕ್ಕಳು ಪದ್ಯ ಒಪ್ಪಿಸಿದ ಹಾಗೆ.
ದಾಟುದೋಣಿಯ ಎಂಜಿನ್ ನೋಡುವ ಎವಾರಿಸ್ತೊ ಬಾರ್ರಿಯಾ ಮಾತ್ರ
ಒಂದೇ ಸಾಲು: "ಇವತ್ತು ಗಾಳಿ. ಬರೆಯಲಿಲ್ಲ."
ಎರಡನೇ ವಾರವೂ ಗಾಳಿ.
ಮೂರನೇ ವಾರ: "ಗಾಳಿ ಇರಲಿಲ್ಲ. ಆದರೂ ಬರೆಯಲಿಲ್ಲ.
ಇಷ್ಟು ದಿನ ಪಾಪ ಗಾಳಿಯ ಮೇಲೆ ಹೊರಿಸಿದೆ."
ಆ ವಾರದ ಹನ್ನೊಂದು ಪ್ರಬಂಧದಲ್ಲಿ
ಇಷ್ಟು ನೆಟ್ಟಗಿನ ವಾಕ್ಯ ಇನ್ನೊಂದಿರಲಿಲ್ಲ.

ಆರನೇ ವಾರ ರೊಸಾಲ್ಬಾ ಕಾರ್ಕಮೊ.
ಚಿಲೊಯೆ ದ್ವೀಪದ ತುದಿ, ಕೆಯೋನ್, ಸಾಲ್ಮನ್ ಕಾರ್ಖಾನೆ,
ಬೆಳಗಿನ ಪಾಳಿ, ಮೀನಿನ ಮುಳ್ಳು ಕೀಳುವ ಕೆಲಸ.
ಅವಳ ಪ್ರಬಂಧ ತಾಯಿಯದು. ಅಂಚಿನಲ್ಲಿ ಬರೆದಿದ್ದೆ:
"ವಿವರ ಸಾಲದು. ಅನಗತ್ಯ ವಾಕ್ಯ ತೆಗೆಯಿರಿ."
ಎರಡೂ ಒಂದೇ ಉಸಿರಿಗೆ,
ಕಾಫಿ ಆರುವುದರೊಳಗೆ.

ಅವಳ ದಿನಚರಿ:

"ಮೇಡಂ, ಮುಳ್ಳು ಕಣ್ಣಿಗೆ ಕಾಣುವುದಿಲ್ಲ.
ಬೆರಳ ತುದಿಯಿಂದ ಸವರಬೇಕು.
ಎರಡು ಗವಸಿನೊಳಗೆ ಬೆರಳು ಮರಗಟ್ಟಿದ ಮೇಲೂ
ಅದಕ್ಕೆ ತಿಳಿಯಬೇಕು.
ಮನೆಗೆ ಬಂದು ನನ್ನ ವಾಕ್ಯಗಳ ಮೇಲೂ
ಹಾಗೇ ಕೈಯಾಡಿಸಿದೆ, ಫೋನಿನ ಗಾಜಿನ ಮೇಲೆ.
ಏಳು ಸಿಕ್ಕವು. ಕಿತ್ತೆ.
ಎಂಟನೆಯದು: ಅಮ್ಮ ಹೋದ ದಿನ ನಾನು ಹೆಚ್ಚುವರಿ ಪಾಳಿಯಲ್ಲಿದ್ದೆ.
ಇಕ್ಕಳ ಹಾಕಿದೆ. ಜೊತೆಗೆ ಮಾಂಸವೂ ಎದ್ದು ಬಂತು.
ಮತ್ತೆ ಅಲ್ಲೇ ಇಟ್ಟೆ.
ವಿವರ ಕೇಳಿದ್ದೀರಿ. ಇರುವುದು ಇಷ್ಟು:
ಆ ಪಾಳಿಯ ದುಡ್ಡಲ್ಲಿ ಅವಳಿಗೆ ಬೂಟು ಕೊಳ್ಳುವವಳಿದ್ದೆ.
ಕೊಂಡೆ. ಅವಳದೇ ಅಳತೆ.
ನನಗೆ ಸಡಿಲ. ಹಾಕಿಕೊಳ್ಳುತ್ತೇನೆ.
ಮುಳ್ಳೆಲ್ಲ ಕಿತ್ತ ಮೀನು ಪರದೇಶಕ್ಕೆ ಹೋಗುತ್ತದೆ ಮೇಡಂ.
ನಾವು ಮನೆಯಲ್ಲಿ ತಿನ್ನುವುದು ಮುಳ್ಳಿರುವುದನ್ನೇ."

ಹದಿನಾಲ್ಕು ವರ್ಷ ಕಲಿಸಿದವಳು ನಾನು.
ಉತ್ತರಗಳ ಗಂಟು ಸೆರಗಿನಲ್ಲೇ ಇರುತ್ತದೆ ಅಂದುಕೊಂಡಿದ್ದೆ,
ಬಿಚ್ಚಿದರೆ ಬರೀ ಚಿಲ್ಲರೆ.
"ಅದ್ಭುತ" ಎಂದು ಬರೆದೆ, ನಾಚಿಕೆಯಾಯಿತು.
"ಮುಂದುವರಿಸಿ" ಎಂದು ಬರೆದೆ. ಎಲ್ಲಿಗೆ?
"ಕ್ಷಮಿಸಿ" ಎಂದದ್ದು ತುಸು ಹೊತ್ತು ಪರದೆಯಲ್ಲಿ ಉಳಿಯಿತು,
ಅದೂ ನನ್ನ ಸಮಾಧಾನಕ್ಕೇ ಅನಿಸಿತು.
ಸ್ಟೌವಿನ ಕಟ್ಟಿಗೆ ಬೂದಿಯಾಗಿತ್ತು.

ಆಗ ನನ್ನ ಹೆಸರಲ್ಲೂ ಒಂದು ಪುಟ ತೆರೆದೆ,
ಹನ್ನೆರಡನೆಯ ವಿದ್ಯಾರ್ಥಿಯ ಹಾಗೆ:
"ಆರನೇ ವಾರ. ಒಬ್ಬರಿಗೆ ಉತ್ತರ ಬರೆಯಲು ಕೂತೆ.
ಮೂರು ಸಲ ಅಳಿಸಿದೆ. ಬರೆಯಲಿಲ್ಲ.
ನಾನು ಅಂಚಿನಲ್ಲಿ ಗೀಚುವ ಮಾತನ್ನು
ಯಾರೋ ಚಳಿಯಲ್ಲಿ ನಿಂತು ಓದುತ್ತಾರೆಂದು
ಇವತ್ತು ತಿಳಿಯಿತು. ತಡವಾಗಿ."
ಕಾಗುಣಿತ ನೋಡದೆ ಕಳಿಸಿಬಿಟ್ಟೆ, ಎಲ್ಲರಿಗೂ.

ಮುಂದಿನ ಮಂಗಳವಾರ. ಅಲ್ಪವಿರಾಮದ ಪಾಠ.
ರೊಸಾಲ್ಬಾಳ ಚೌಕ ಕಪ್ಪಗೇ ಇತ್ತು, ಮೈಕು ಮರೆತಿದ್ದಳು;
ಮರದ ನೆಲದ ಮೇಲೆ ಸಡಿಲ ಬೂಟಿನ ಸದ್ದು
ಅಡುಗೆಮನೆಗೆ ಹೋಗಿ ಬಂತು.
ನಾನು ಮೈಕು ಮುಚ್ಚಲು ಹೇಳಲಿಲ್ಲ.

ತರಗತಿ ಮುಗಿದ ಮೇಲೆ ನೋಡಿದರೆ
ನನ್ನ ಪುಟದ ಕೆಳಗೆ ಎವಾರಿಸ್ತೊ:
"ಅಲ್ಲೂ ಗಾಳಿಯೇ, ಮೇಡಂ?"