ನಿಮ್ಮ ನಿಶಾನಿ ಹೊಲದಾಂವ

ಅಧ್ಯಕ್ಷ ಸಾಹೇಬ್ರ, ನಾ ಲಾಡ್ಲೇಸಾಬ.
ವಿಜಯಪುರದ ಗಾಂಧಿ ಚೌಕದ ಹಿಂದಿನ ಸಂದ್ಯಾಗ
ಒಂದು ಕಾಲ್ಮಶೀನು, ಒಂದು ಇಸ್ತ್ರಿ, ಒಂದು ಬಲ್ಬಿನ ಅಂಗಡಿ.
ನೀವು ಬರೂ ಸುದ್ದಿ ನನಗ ಮೀಟರ್ ಲೆಕ್ಕದಾಗ ಮುಟ್ತು:
ನೀಲಿ ಅರವತ್ತು, ಬಿಳಿ ಇಪ್ಪತ್ತು, ಹಳದಿ ಹನ್ನೊಂದೂವರಿ.

ಡೀಸಿ ಆಫೀಸಿನ ಹುಡುಗ ಮೊಬೈಲಿನಾಗ ಚಿತ್ರ ತೋರಿಸಿ
‘ಎರಡ್ನೂರಾ ಹತ್ತು, ಗುರುವಾರದೊಳಗ’ ಅಂದ.
ಯಾವ ದೇಶ ಅಂತ ಕೇಳ್ದೆ.
ಹೆಸರು ಅವನ ಬಾಯಾಗೂ ಹಿಡೀಲಿಲ್ಲ.

ನೀಲಿ ಅಂದ್ರ ಸಮುದ್ರ ಇರಬೇಕು, ಬಿಳಿ ಅದರ ನೊರಿ.
ಸಮುದ್ರ ನಾ ನೋಡಿಲ್ರಿ.
ನೋಡಿದ್ದು ಬೇಗಂ ತಲಾಬ್, ಅದೂ ಮಳಿ ಆದ ವರ್ಷ.
ಆದ್ರ ಆ ಹಳದಿ ಚಿಕ್ಕಿ, ಅದಕ್ಕ ಏಳು ಮೂಲಿ ಯಾಕ್ರಿ?
ಐದು ಮೂಲೀದು ಕಣ್ಮುಚ್ಚಿ ಕತ್ತರಸ್ತೀನಿ, ಆರರದೂ.
ಏಳನೇದು ಪ್ರತಿ ಸಲ ಸೊಟ್ಟ.
ಎರಡು ರಾತ್ರಿ ನಿಮ್ಮ ದೇಶಕ್ಕ ಬೈದೀನಿ, ಮಾಫ್ ಮಾಡ್ರಿ.

ಆಮ್ಯಾಲ ನಗು ಬಂತು.
ನಮ್ಮ ದೊಡ್ಡ ಮಂದಿ ನಿಮ್ಮ ಕಡೆ ಬಂದಾಗ
ಅಲ್ಲೊಬ್ಬ ದರ್ಜಿ, ಮೂಗಿನ ತುದಿಗೆ ಚಾಳೀಸ,
ನಮ್ಮ ಚಕ್ರದ ಅರಿ ಎಣಿಸಿ ಎಣಿಸಿ
ಇಪ್ಪತ್ಮೂರೋ ಇಪ್ಪತ್ನಾಕೋ ಅಂತ
ನಮ್ಮ ಅಪ್ಪನ್ನ ಅಜ್ಜನ್ನ ನೆನಸಿರಬೇಕಲ್ಲ!
ಹೋದ ಮ್ಯಾಲ ಅವಂಗೊಂದು ಸಲಾಮ್ ಮುಟ್ಟಸ್ರಿ.

ನೀವು ಬಂದ್ರಿ. ಟಾಂಗಾದವ್ರನ್ನ ಹಿಂದಿನ ಓಣಿಗೆ ಅಟ್ಟಿದ್ರು.
ಸಾಲಿ ಹುಡುಗ್ರು ಬಿಸಲಾಗ ಎರಡು ತಾಸು
ನನ್ನ ಕೈಕೆಲಸ ಹಿಡಕೊಂಡು ನಿಂತ್ರು.
ಹದಿನಾಲ್ಕು ಕಾರು ಹಾದ್ವು,
ಯಾವುದರಾಗ ನೀವಿದ್ರಿ, ತಿಳೀಲಿಲ್ಲ.

ಗೋಳ ಗುಮ್ಮಟದ ಮ್ಯಾಲ ನೀವು ಗೋಡಿಗೆ ಬಾಯಿ ಹಚ್ಚಿ
ಏನೋ ಒಂದು ಮಾತಾಡಿದ್ರೆಂತ.
ನಿಮ್ಮ ದುಭಾಷಿ ಇನ್ನೂ ಮೆಟ್ಟಿಲದಾಗ ತೇಕತಿದ್ದ.
ಆಕಡಿ ಬದಿಗಿದ್ದ ಕಾವಲಿನ ನಿಂಗೊಂಡ
ಕಿವಿಗೊಟ್ಟು ಕೇಳಿ, ಒಂದಕ್ಷರ ತಿಳೀದಿದ್ರೂ
‘ಹೌದ್ರಿ ಯಪ್ಪಾ’ ಅಂದನಂತ.
ನೀವು ಖುಷಿಯಾಗಿ ಒಂದು ಚಪ್ಪಾಳಿ ಹೊಡದ್ರಿ,
ಗುಮ್ಮಟ ಏಳು ಸಲ ತಿರುಗಿ ಕೊಡ್ತು.
ಹಂಗಾರ ಏಳು ಮೂಲಿ ಇರ್ಲಿ ಬಿಡ್ರಿ. ಜಗಳ ಮುಗೀತು.

ಬಿಲ್ಲು ಇನ್ನೂ ಪಾಸಾಗಿಲ್ಲ. ಆಗ್ತದ.
ಕತ್ತರಿಗೆ ಉಳಿದ ನೀಲಿ ಚಿಂದಿ ಮನಿಯಾಕಿ
ಮಗಳ ಬಾಣಂತನದ ಕೌದಿಗೆ ಹಚ್ಯಾಳ,
ನಡುವಿನಾಗ ಕೆಟ್ಟ ಚಿಕ್ಕಿ ಒಂದು.
ಮೊಮ್ಮಗಳು ಅದರ ಸೊಟ್ಟ ಮೂಲಿ
ಬಾಯಾಗಿಟ್ಟು ಚೀಪತಾ ಮಲಗತಾಳ.
ಹಲ್ಲು ಬಂದಿಲ್ರಿ ಇನ್ನಾ.
ಹರಿಯಂಗಿಲ್ಲ.