ಕರ್ಕೇರನ ಅಂಕಿ

ಆರು ತಿಂಗಳಿಗೊಮ್ಮೆ ಉಡುಪಿಯಿಂದ
ವಾಟ್ಸಾಪಿಗೆ ಒಂದು ಅಂಕಿ ಬರುತ್ತದೆ.
ನಮಸ್ಕಾರ ಇಲ್ಲ, ಊಟ ಆಯ್ತಾ ಇಲ್ಲ.
ಮೊದಲ ಸಲ ೯೪.
ಆಮೇಲೆ ೨೧೧.
ಇವತ್ತು ಫರ್ವಾನಿಯಾದ ರೂಮಿನ ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕಿ
ಧೂಳುಗಾಳಿ ನಿಲ್ಲಲಿ ಎಂದು ಕೂತಿರುವಾಗ
ಬಂತು: ೩೦೬.

ಅಂಕಿ ಓದುವುದೇ ನನ್ನ ಅನ್ನ.
ಹದಿನಾರು ವರ್ಷದಿಂದ ಈ ಕುವೈತಿನ ತಣ್ಣನೆ ಲ್ಯಾಬಿನಲ್ಲಿ
ರಕ್ತಕ್ಕೆ ಬಣ್ಣ ಹಚ್ಚಿ ಯಂತ್ರದ ಬಾಯಿಗೆ ಕೊಡುತ್ತೇನೆ.
ಕಣಗಳು ಒಂದರ ಹಿಂದೊಂದು ಲೇಸರಿನ ಎದುರು ಹಾಯುತ್ತವೆ,
ಪರದೆಯ ಮೇಲೆ ಚುಕ್ಕೆ ಬೀಳುತ್ತದೆ,
ಯಾರೋ ಸಾಸಿವೆ ಡಬ್ಬಿ ಕೆಡವಿದ ಹಾಗೆ.
ಇಲ್ಲಿ ಸಿಡಿ ಫೋರ್, ಅಲ್ಲಿ ಸಿಡಿ ಎಯ್ಟ್.
ಮೌಸಿನಿಂದ ಸುತ್ತ ಒಂದು ಬೇಲಿ ಎಳೆದು
ಒಳಗಿದ್ದವರನ್ನು ಎಣಿಸು ಅಂದರೆ ಎಣಿಸುತ್ತದೆ.

ಈ ದೇಶದವರ ರಕ್ತ ಹೆಸರಿಲ್ಲದೆ ಬರುತ್ತದೆ, ವರ್ಷಗಟ್ಟಲೆ.
ಒಬ್ಬರು ನನಗೆ ಬರೀ ನಲವತ್ತೇಳು.
ಮಾತ್ರೆ ಶುರುವಾದ ತಿಂಗಳಲ್ಲೇ ಅವರ ಸಿಡಿ ಫೋರ್ ಜಿಗಿದಾಗ
ಹೊಸ ಡಾಕ್ಟರು ಮೇಜು ತಟ್ಟಿದರು.
ಹೊಸದೇನೂ ಹುಟ್ಟಿರಲಿಲ್ಲ ಅಲ್ಲಿ.
ಕೊರಳಿನ, ಕಂಕುಳಿನ ಗಂಟುಗಳಲ್ಲಿ ಸಿಕ್ಕಿಕೊಂಡಿದ್ದ
ಹಳೆಯ ನೆನಪಿನ ಕಣಗಳು
ಗಲಾಟೆ ತಗ್ಗಿದ್ದು ಕೇಳಿ ಬೀದಿಗೆ ಬಂದಿದ್ದವು, ಅಷ್ಟೆ.
ಮುಗ್ಧ ಕಣಗಳು ಬರುವುದು ತಡ.
ಇನ್ನೂ ಯಾವ ಶತ್ರುವನ್ನೂ ಕಾಣದ ಅವನ್ನು
ಎದೆಮೂಳೆಯ ಹಿಂದೆ ಸೊರಗುತ್ತಿರುವ ಒಂದು ಗ್ರಂಥಿ
ಜಿಪುಣ ಅಜ್ಜಿ ಸೆರಗಿನ ಗಂಟಿನಿಂದ ಚಿಲ್ಲರೆ ಬಿಚ್ಚಿದಂತೆ ಬಿಡುತ್ತದೆ.
ಎರಡು ವರ್ಷ. ಐದು ವರ್ಷ.
ಸಿಡಿ ಎಯ್ಟ್ ಮಾತ್ರ ಇಳಿಯಲೊಲ್ಲದು.
ಮನೆಯೆಲ್ಲ ಹುಡುಕಿ ಮುಗಿದ ಮೇಲೂ
ಟಾರ್ಚು ಆರಿಸದ ಕಾವಲಿನವರು.
ತಪ್ಪೇನಿಲ್ಲ ಅವರದು. ಕಳ್ಳ ಹೋಗಿಲ್ಲ,
ನೆನಪಿನ ಕಣದೊಳಗೇ ಮುದುಡಿ ಮಲಗಿದ್ದಾನೆ.

ಗೋವರ್ಧನ ಕರ್ಕೇರ ನಮ್ಮ ವ್ಯಾನಿನ ಡ್ರೈವರ್. ಮಲ್ಪೆಯವನು.
ಐಸು ಹಾಕಿದ ರಕ್ತದ ಪೆಟ್ಟಿಗೆ ಕೌಂಟರಿನ ಮೇಲಿಟ್ಟು
"ಅಕ್ಕಾ, ತಾಜಾ ಬಂಗುಡೆ" ಅನ್ನುತ್ತಿದ್ದ.
ನಾನು ಬೈಯುತ್ತಿದ್ದೆ.
ಇಕಾಮಾ ಹೊಸತು ಮಾಡುವ ವರ್ಷ ಅವನ ರಕ್ತವನ್ನೂ ತೆಗೆದರು.
ಆ ಮಂಗಳವಾರದ ಪೆಟ್ಟಿಗೆಯಲ್ಲೇ ಇತ್ತಂತೆ ಅದು.
ಅವನೇ ತಂದ, ಅವನೇ ನನ್ನ ಸಹಿ ಹಾಕಿಸಿಕೊಂಡ.
ಆ ವಾರ ಸ್ಕ್ರೀನಿಂಗ್ ಡ್ಯೂಟಿ ನನ್ನದು.
ಬಾರ್‌ಕೋಡಿಗೆ ಮುಖ ಇರುವುದಿಲ್ಲ.
ನಿಯಮದಂತೆ ಮತ್ತೊಮ್ಮೆ ನೋಡಿದೆ. ಅದೇ.

ಮುಂದಿನ ವಾರ ವ್ಯಾನು ತಂದವನು ಸಿಲ್ಹೆಟ್ಟಿನ ಹುಡುಗ.
ಕರ್ಕೇರನ ಕಾಗದಕ್ಕೆ ಮುದ್ರೆ ಬಿದ್ದಿತ್ತು: ಅನ್‌ಫಿಟ್.
ಎರಡು ತಿಂಗಳ ಸಂಬಳ, ಮಂಚದ ಕೆಳಗಿನ ಚಪ್ಪಲಿ,
ಒಂದು ಕುಕ್ಕರ್ ಇಲ್ಲೇ ಉಳಿದವು.
ಕುಕ್ಕರ್ ನನ್ನ ಹತ್ತಿರ ಇದೆ.
ಊರಿಗೆ ಹೋಗಿ ಎರಡು ವರ್ಷ ಆಸ್ಪತ್ರೆಯ ರಸ್ತೆಯಲ್ಲೇ ನಡೆಯಲಿಲ್ಲವಂತೆ,
ದೋಣಿಯವರು ಹೊತ್ತುಕೊಂಡು ಹೋದರಂತೆ ಕೊನೆಗೆ.
ಆಗಿನ ಅಂಕಿ ಆ ೯೪.

ನಲವತ್ತೇಳರ ಮಾತ್ರೆ, ಇವನ ಮಾತ್ರೆ ಎರಡೂ ಒಂದೇ.
ಕೇಳಿ ತಿಳಿದುಕೊಂಡೆ.
ಆದರೆ ಇವನ ಚುಕ್ಕೆಗಳನ್ನು ನಾನು ಕಂಡಿಲ್ಲ.
೩೦೬ ಅಂದರೆ ಯಾರು ಬಂದರು,
ಗಂಟಿನಿಂದೆದ್ದ ಹಳಬರೋ, ಏನೂ ಅರಿಯದ ಹೊಸಬರೋ?
ಬರೆಯುತ್ತೇನೆ: ಸಿಡಿ ಎಯ್ಟ್ ಎಷ್ಟು?
"ಅದೆಲ್ಲ ಇಲ್ಲಿ ಹೇಳುವುದಿಲ್ಲ ಅಕ್ಕ."
ವೈರಸ್?
ಟೈಪ್ ಮಾಡುತ್ತಿದ್ದಾನೆ. ನಿಲ್ಲಿಸಿದ. ಮತ್ತೆ ಟೈಪ್ ಮಾಡುತ್ತಿದ್ದಾನೆ.
"ಹುಡುಕಿದರೂ ಸಿಗಲಿಲ್ಲವಂತೆ."

ಟವೆಲು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ.
ಹಿಂಡಿ ಮತ್ತೆ ಸಂದಿಗೆ ತುರುಕಿ ಬರುವಷ್ಟರಲ್ಲಿ
ಅವನಿಂದ ಮೊದಲ ಪ್ರಶ್ನೆ ಬಂದಿತ್ತು:
"ಆ ಕುಕ್ಕರಿನ ಗ್ಯಾಸ್ಕೆಟ್ ಹೋಗಿತ್ತಲ್ಲ. ಹಾಕಿಸಿದಿರಾ?"

ಮಂಗಳವಾರದ ರಕ್ತ ನೋಡಿದ್ದು ನಾನೇ ಎಂದು ಬರೆದೆ.
ಅಳಿಸಿದೆ.
ಹಾಕಿಸಿದೆ, ಈಗ ನಾಲ್ಕು ಸಲ ಕೂಗುತ್ತದೆ
ಎಂದು ಕಳಿಸಿದೆ.