ಕೊಂಡಿ

ಲಷ್ಕರ್ ಮೊಹಲ್ಲಾದ ನನ್ನ ಅಂಗಡಿಗೆ
ಬಿಲ್ಕಿಸ್ ಟೀಚರ್ ಬಂದದ್ದು ಮಧ್ಯಾಹ್ನ ಮೂರಕ್ಕೆ,
ಮೆಟ್ಟಿಲನ್ನು ಬಿಳಿ ಕೋಲಿನಿಂದ ಎರಡು ಸಲ ತಟ್ಟಿ.
"ಇನ್ನೂ ಬಿಡುಗಡೆ ಆಗಿಲ್ಲವಂತೆ, ಮುನ್ನೋಟದ ಆವೃತ್ತಿ.
ಕನ್ನಡ ಓದಿ ಹೇಳುತ್ತದಂತೆ. ಹಾಕಿಕೊಡಿ."

ಒತ್ತಿದೆ. ಈ ಕೊಂಡಿಯ ಅವಧಿ ಮುಗಿದಿದೆ.
ಇಪ್ಪತ್ತನಾಲ್ಕು ಗಂಟೆ ಅದರ ಆಯಸ್ಸು,
ಹೂವಾಡಗಿತ್ತಿಯ ಬುಟ್ಟಿಯ ಹಾಗೆ
ನಿನ್ನೆಯದು ಇವತ್ತಿಗಲ್ಲ.
ಟೀಚರ್ ಫೋನಿಗೆ ಹೊಸದು ತರಿಸಿದೆವು,
ಅವರು ನನಗೆ ದಾಟಿಸಿದರು.
ಒತ್ತಿದೆ. ಪುಟ ಸಿಗಲಿಲ್ಲ.

ಬ್ರೌಸರ್ ಬದಲಿಸಿದೆ.
ಗಡಿಯಾರ ನೋಡಿದೆ: ಲ್ಯಾಪ್‌ಟಾಪಿನೊಳಗೆ
ಇನ್ನೂ ಹೋದ ವರ್ಷದ ಸಂಕ್ರಾಂತಿ.
ತಿದ್ದಿದೆ. ಊಹ್ಞೂಂ.
ಪಕ್ಕದ ಜೆರಾಕ್ಸಿನವನ ವೈಫೈ ಸಾಲ ಕೇಳಿದೆ. ಊಹ್ಞೂಂ.
ಸ್ಟೂಲಿನ ಮೇಲೆ ಕೂತು ಟೀಚರ್
ನನ್ನ ಬೆರಳುಗಳನ್ನೇ ಕೇಳಿಸಿಕೊಳ್ಳುತ್ತಿದ್ದರು.
"ಕೀಲಿಯನ್ನು ಅಷ್ಟು ಜೋರಾಗಿ ಕುಟ್ಟಿದರೆ
ಬೀಗ ತೆಗೆಯೋದಿಲ್ಲ, ಮೌನೇಶ್."

ಅಪ್ಪ ಅಕ್ಕಸಾಲಿ. ಇದೇ ಅಂಗಡಿ, ಇದೇ ಕಿಟಕಿ.
ಸರ ಕಳಚಿ ಬಿದ್ದರೆ ಎಲ್ಲರೂ ಎಳೆ ನೋಡುತ್ತಾರೆ,
ಅಪ್ಪ ಮೊದಲು ಕೊಂಡಿ ನೋಡುತ್ತಿದ್ದ,
ಬಲಗಣ್ಣಿಗೆ ಗಾಜು ಸಿಕ್ಕಿಸಿ, ಉಸಿರು ಹಿಡಿದು.
ಚೇಳಿನದೂ ಕೊಂಡಿಯೇ ಕಣೋ, ಎನ್ನುತ್ತಿದ್ದ,
ಇರುವ ವಿಷವೆಲ್ಲ ತುದಿಯಲ್ಲಿ.

ತುದಿಗೆ ಹೋದೆ.
ಅಷ್ಟುದ್ದದ ವಿಳಾಸ, ಅಂಕಿ ಅಕ್ಷರಗಳ ಇರುವೆ ಸಾಲು,
ಅದರ ಬಾಲಕ್ಕೆ ಅಂಟಿಕೊಂಡು
ಒಂದು ಪೂರ್ಣವಿರಾಮ.

ಮೂವತ್ತು ವರ್ಷ ವ್ಯಾಕರಣ ಕಲಿಸಿದ ಕೈ
ಸಾಲು ಮುಗಿದ ಮೇಲೆ ಸುಮ್ಮನಿರುತ್ತದೆಯೆ?

ಚುಕ್ಕಿ ಅಳಿಸಿದೆ. ಇಳಿಯತೊಡಗಿತು.
ಎರಡು ಸಲ ಕರೆಂಟು ಹೋಯಿತು,
ಎರಡು ಸಲವೂ ಬಿಟ್ಟಲ್ಲಿಂದಲೇ ಹಿಡಿಯಿತು.
ಟೀಚರ್ ಎರಡು ಲೋಟ ಚಹಾ ಕುಡಿದರು,
ಜೆರಾಕ್ಸಿನವನ ಮಗಳಿಗೆ ಸವರ್ಣದೀರ್ಘ ಹೇಳಿಕೊಟ್ಟರು.

ರಾತ್ರಿ ಒಂಬತ್ತಕ್ಕೆ ಯಂತ್ರ ಬಾಯಿಬಿಟ್ಟಿತು.
ಟೀಚರ್ ಹಾಕಿದ ಮೊದಲ ಪದ ಅಳಿಲು.
ಅಲಿಲು, ಎಂದಿತು.
ಹಳ್ಳ?
ಹಲ್ಲ.
ನಾನು ತಲೆ ತಗ್ಗಿಸಿದೆ, ನನ್ನದೇ ನಾಲಿಗೆ ಎಂಬಂತೆ.
ಟೀಚರ್ ಮಾತ್ರ ಕಿವಿಯನ್ನು ಇನ್ನಷ್ಟು ಹತ್ತಿರ ತಂದು
"ಎಳಸು. ನಾಲಿಗೆ ಇನ್ನೂ ಹೊರಳಿಲ್ಲ" ಎಂದರು,
"ತಪ್ಪು ಬರೆದು ಕಳಿಸುವ ಜಾಗ ಇದೆಯಂತಲ್ಲ, ತೆಗೆಯಿರಿ."

ಅವರು ಹೇಳಿದರು, ನಾನು ಟೈಪಿಸಿದೆ.
ಶಟರ್ ಎಳೆಯುವಾಗಲೂ ಕೇಳಿದರು:
ಕೊನೆಗೆ ಚುಕ್ಕಿ ಇಟ್ಟಿರಿ ತಾನೆ?